ಬೀದಿಯ ಬಾಲ್ಯಕ್ಕೆ ಬಣ್ಣದ ಗೆರೆ: ಮೊದಲ ಅನಿಮೇಷನ್ ಚಿತ್ರವೊಂದು ರೂಪುಗೊಂಡ ಬಗೆ

ಸಿಗ್ನಲ್‌ನಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಕಾರಿನ ಗಾಜಿನಾಚೆ ಪುಟ್ಟ ಕೈಯೊಂದು ಮೂಡುತ್ತದೆ. ಅದರಲ್ಲಿ ಮಲ್ಲಿಗೆಯ ಮಾಲೆಯೋ, ಪೆನ್ನಿನ ಕಟ್ಟೋ, ಆಟಿಕೆಯೋ ಇರುತ್ತದೆ. ದೀಪ ಹಸಿರಾದೊಡನೆ ವಾಹನ ಮುಂದೆ ಸರಿಯುತ್ತದೆ, ಆ ಕೈ ಹಿಂದೆ ಉಳಿಯುತ್ತದೆ. ದೇಶದ ಯಾವ ಮಹಾನಗರವೂ ಈ ನೋಟಕ್ಕೆ ಹೊರತಲ್ಲ. ಅರ್ಧ ನಿಮಿಷದಲ್ಲಿ ಮರೆಯಾಗುವ ಈ ನೋಟವನ್ನು ಹಿಡಿದು ನಿಲ್ಲಿಸಿ, ಒಂದೂವರೆ ಗಂಟೆಯ ಚಿತ್ರವನ್ನಾಗಿಸಲು ಕಲಾವಿದೆಯೊಬ್ಬರು ವರ್ಷಗಟ್ಟಲೆ ಶ್ರಮಿಸಿದರು. ಅದೂ ಕ್ಯಾಮೆರಾದಿಂದಲ್ಲ, ಕುಂಚದಿಂದ.

ಮುಂಬಯಿಯ ಗೀತಾಂಜಲಿ ರಾವ್ ಅವರ ಮೊದಲ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ ‘ಬಾಂಬೆ ರೋಸ್’ 2019ರಲ್ಲಿ ವೆನಿಸ್ ಚಲನಚಿತ್ರೋತ್ಸವದ ವಿಮರ್ಶಕರ ಸಪ್ತಾಹವನ್ನು ಉದ್ಘಾಟಿಸಿತು. ಆ ಬಳಿಕ ಟೊರೊಂಟೊ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು, 2021ರ ಮಾರ್ಚ್ 8ರಂದು ನೆಟ್‌ಫ್ಲಿಕ್ಸ್ ಮೂಲಕ ಜಗತ್ತಿನಾದ್ಯಂತ ಬಿಡುಗಡೆಯಾಯಿತು. ಅನಿಮೇಷನ್ ಎಂದೊಡನೆ ಮಕ್ಕಳ ಮನರಂಜನೆ ಅಥವಾ ಪುರಾಣದ ಕಥೆ ಎಂದೇ ಭಾವಿಸಲಾಗುವ ದೇಶದಲ್ಲಿ ವಲಸೆ, ಬಾಲ್ಯವಿವಾಹ, ಬಾಲಕಾರ್ಮಿಕ ಪದ್ಧತಿಯಂಥ ವಿಷಯಗಳನ್ನು ಕೈಬರಹದ ಚಿತ್ರಗಳಲ್ಲಿ ಹೇಳುವುದೆಂದರೆ ಸಾಮಾನ್ಯ ಸಾಹಸವಲ್ಲ. ಇಂಥ ಚಿತ್ರ ಹೇಗೆ ಸಿದ್ಧಗೊಳ್ಳುತ್ತದೆ? ಬಡತನದ ಬಾಲ್ಯವನ್ನು ಚಿತ್ರೀಕರಿಸುವ ಬದಲು ಚಿತ್ರಿಸುವುದೇಕೆ? ಅದಕ್ಕೆ ತಗಲುವ ಕಾಲ, ಶ್ರಮ, ಹಣದ ಲೆಕ್ಕಾಚಾರವೇನು? ಈ ಪ್ರಶ್ನೆಗಳನ್ನು ಒಂದೊಂದಾಗಿ ಪರಿಶೀಲಿಸಬಹುದಾಗಿದೆ.

ಕಥೆಯ ಹೂರಣ

‘ಬಾಂಬೆ ರೋಸ್’ ಮೇಲ್ನೋಟಕ್ಕೆ ಪ್ರೇಮಕಥೆ. ಬಾಲ್ಯವಿವಾಹದಿಂದ ತಪ್ಪಿಸಿಕೊಂಡು ತಾತ ಹಾಗೂ ತಂಗಿಯೊಡನೆ ಮುಂಬಯಿ ಸೇರಿದ ಕಮಲಾ ಹಗಲಿನಲ್ಲಿ ಹೂವಿನ ಮಾಲೆ ಮಾರುತ್ತಾಳೆ, ರಾತ್ರಿ ನೃತ್ಯ ಮಾಡಿ ಸಂಸಾರ ತೂಗಿಸುತ್ತಾಳೆ. ಕಾಶ್ಮೀರದ ಹಿಂಸೆಯಲ್ಲಿ ಹೆತ್ತವರನ್ನು ಕಳೆದುಕೊಂಡ ಸಲೀಂ ಸಹ ಅದೇ ಬೀದಿಯಲ್ಲಿ ಹೂ ಮಾರುವವನು. ಇವರಿಬ್ಬರ ನಡುವೆ ಚಿಗುರುವ ಒಲವು ಚಿತ್ರದ ಮುಖ್ಯ ಎಳೆ.

ಆದರೆ ಆ ಎಳೆಯ ಪಕ್ಕದಲ್ಲೇ ಮಕ್ಕಳ ಲೋಕವೊಂದು ತೆರೆದುಕೊಳ್ಳುತ್ತದೆ. ಕಮಲಾಳ ತಂಗಿ ತಾರಾ ಶಾಲೆಗೆ ಹೋಗುವ ಹುಡುಗಿ. ಒಂದು ಕಾಲದ ನಟಿ, ವೃದ್ಧೆ ಶರ್ಲಿ ಡಿಸೋಜಾ ಆಕೆಗೆ ಇಂಗ್ಲಿಷ್ ಕಲಿಸುತ್ತಾರೆ. ತಾರಾಳಿಗೆ ಟಿಪ್ಪು ಎಂಬ ಬಾಲಕನ ಸ್ನೇಹವಾಗುತ್ತದೆ. ಕಿವಿ ಕೇಳದ, ಮಾತು ಬಾರದ ಈ ಹುಡುಗ ದುಡಿದು ಬದುಕುವವನು. ಬಾಲಕಾರ್ಮಿಕರ ಪತ್ತೆಗೆ ದಾಳಿ ನಡೆದಾಗ ಆತ ಓಡುತ್ತಾನೆ. ತಾರಾ ಅವನನ್ನು ಬಚ್ಚಿಡುತ್ತಾಳೆ.

ಚಿತ್ರದ ನಿಜವಾದ ಇಕ್ಕಟ್ಟು ಇರುವುದು ಇಲ್ಲಿಯೇ ಎನ್ನಲಡ್ಡಿಯಿಲ್ಲ. ಕಾನೂನು ಮಗುವನ್ನು ರಕ್ಷಿಸಲೆಂದೇ ಬರುತ್ತದೆ. ಆದರೆ ಅನ್ನ ಕೊಡುವ ಜಾಗದಿಂದ ತನ್ನನ್ನು ಎಳೆದೊಯ್ಯಲು ಬಂದ ಸಮವಸ್ತ್ರಧಾರಿ ಮಗುವಿನ ಕಣ್ಣಿಗೆ ರಕ್ಷಕನಂತೆ ಕಾಣುವುದಿಲ್ಲ. ಬಡತನವನ್ನು ಹೊರಗಿನಿಂದ ನೋಡುವ ಚಿತ್ರಕ್ಕೂ ಮಗುವಿನ ಎತ್ತರದಲ್ಲಿ ನಿಂತು ನೋಡುವ ಚಿತ್ರಕ್ಕೂ ಇರುವ ವ್ಯತ್ಯಾಸ ಇದೇ.

ಅಂಕಿಗಳ ಹಿಂದಿನ ಮುಖ

ಈ ಕಥೆಗೆ ವಾಸ್ತವದ ಆಧಾರ ಸಾಕಷ್ಟಿದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 5ರಿಂದ 14 ವರ್ಷದೊಳಗಿನ ದುಡಿಯುವ ಮಕ್ಕಳ ಸಂಖ್ಯೆ ಸುಮಾರು 1.01 ಕೋಟಿ. 2001ರಲ್ಲಿ ಈ ಸಂಖ್ಯೆ ಸುಮಾರು 1.26 ಕೋಟಿಯಷ್ಟಿತ್ತು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋದ ಕಾರಣ ಈ ಬಗೆಗಿನ ಚರ್ಚೆಗಳಿಗೆ ಹಳೆಯ ಅಂಕಿಯೇ ಆಸರೆಯಾಯಿತು.

ಕಾನೂನು ಮಾತ್ರ ಹಂತಹಂತವಾಗಿ ಬಿಗಿಯಾಗುತ್ತ ಬಂದಿದೆ. 1986ರ ಬಾಲಕಾರ್ಮಿಕ ಕಾಯ್ದೆ ಅಪಾಯಕಾರಿ ಎಂದು ಗುರುತಿಸಿದ ಕೆಲಸಗಳಲ್ಲಿ ಮಾತ್ರ ಮಕ್ಕಳ ದುಡಿಮೆಯನ್ನು ನಿಷೇಧಿಸಿತ್ತು. 2006ರ ಅಕ್ಟೋಬರ್‌ನಲ್ಲಿ ಮನೆಗೆಲಸ, ಹೋಟೆಲ್, ಡಾಬಾಗಳ ಕೆಲಸವನ್ನೂ ಆ ಪಟ್ಟಿಗೆ ಸೇರಿಸಲಾಯಿತು. 2016ರ ತಿದ್ದುಪಡಿ 14 ವರ್ಷದೊಳಗಿನವರನ್ನು ಯಾವುದೇ ಕೆಲಸಕ್ಕೆ ನೇಮಿಸಿಕೊಳ್ಳುವುದನ್ನು ನಿಷೇಧಿಸಿತು. ಆದರೆ ಎರಡು ವಿನಾಯಿತಿಗಳನ್ನು ಉಳಿಸಿಕೊಂಡಿತು. ಶಾಲೆಯ ಅವಧಿಯ ಬಳಿಕ ಕುಟುಂಬದ ಕಸುಬಿನಲ್ಲಿ ನೆರವಾಗುವುದು ಒಂದು, ಕಲಾವಿದನಾಗಿ ದುಡಿಯುವುದು ಇನ್ನೊಂದು.

ಎರಡನೆಯ ವಿನಾಯಿತಿ ಸಿನಿಮಾ ಕ್ಷೇತ್ರಕ್ಕೆ ನೇರವಾಗಿ ಸಂಬಂಧಿಸಿದ್ದು. 2017ರ ನಿಯಮಗಳಂತೆ ಬಾಲಕಲಾವಿದರು ದಿನಕ್ಕೆ 5 ಗಂಟೆಗಿಂತ ಹೆಚ್ಚು ಕಾಲ ಕೆಲಸ ಮಾಡುವಂತಿಲ್ಲ. ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚು ಕಾಲ ತೊಡಗಿಸುವಂತಿಲ್ಲ. ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ಅದರ ಹೆಸರಿನಲ್ಲೇ ಠೇವಣಿ ಇಡಬೇಕು. ಬಾಲಕಾರ್ಮಿಕರ ಕುರಿತು ಚಿತ್ರ ತೆಗೆಯುವ ನಿರ್ದೇಶಕ ತಾನೂ ಮಕ್ಕಳನ್ನು ದುಡಿಸಿಕೊಳ್ಳುತ್ತಿದ್ದೇನೆಯೇ ಎಂಬ ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ.

ಕ್ಯಾಮೆರಾ ಮುಂದೆ ನಿಂತ ಮಕ್ಕಳು

ಈ ಪ್ರಶ್ನೆ ಹೊಸದೇನಲ್ಲ. ಮೀರಾ ನಾಯರ್ ಅವರ ಮೊದಲ ಕಥಾಚಿತ್ರ ‘ಸಲಾಂ ಬಾಂಬೆ’ 1988ರಲ್ಲಿ ತೆರೆಕಂಡಿತು. ಮುಂಬಯಿಯ ಬೀದಿ ಮಕ್ಕಳನ್ನೇ ಆಯ್ದು, ತರಬೇತಿ ನೀಡಿ ತೆಗೆದ ಆ ಚಿತ್ರ ಕಾನ್ ಚಿತ್ರೋತ್ಸವದಲ್ಲಿ ಮೊದಲ ಚಿತ್ರಕ್ಕೆ ಸಲ್ಲುವ ‘ಕ್ಯಾಮೆರಾ ದೋರ್’ ಗೌರವ ಪಡೆಯಿತು, ಆಸ್ಕರ್‌ಗೂ ನಾಮಕರಣಗೊಂಡಿತು. ಚಿತ್ರದ ಯಶಸ್ಸಿನ ಬೆನ್ನಲ್ಲೇ ಬೀದಿ ಮಕ್ಕಳಿಗಾಗಿ ಸಲಾಂ ಬಾಲಕ್ ಟ್ರಸ್ಟ್ ಆರಂಭಗೊಂಡಿದ್ದು ಉಲ್ಲೇಖಾರ್ಹ ಸಂಗತಿ.

ಆ ಚಿತ್ರದ ನಾಯಕ ಪಾತ್ರಧಾರಿ ಬೆಂಗಳೂರಿನಿಂದ ಮುಂಬಯಿಗೆ ಓಡಿಹೋಗಿದ್ದ ಬಾಲಕ. ಆತನಿಗೆ ಅತ್ಯುತ್ತಮ ಬಾಲನಟ ರಾಷ್ಟ್ರ ಪ್ರಶಸ್ತಿಯೂ ಬಂತು. ಆದರೆ ಚಿತ್ರರಂಗದಲ್ಲಿ ಆತನಿಗೆ ಹೆಚ್ಚಿನ ಅವಕಾಶಗಳು ದೊರೆಯಲಿಲ್ಲ. ಮುಂದೆ ಆತ ಬೆಂಗಳೂರಿಗೆ ಮರಳಿ ಆಟೊರಿಕ್ಷಾ ಓಡಿಸಿ ಬದುಕು ಕಟ್ಟಿಕೊಂಡಿದ್ದು ಪತ್ರಿಕೆಗಳಲ್ಲಿ ಹಲವು ಸಲ ವರದಿಯಾಗಿದೆ. ಚಿತ್ರತಂಡ ಎಷ್ಟೇ ಕಾಳಜಿ ವಹಿಸಿದರೂ, ತನ್ನ ಬಡತನವನ್ನೇ ನಟಿಸಿ ತೋರಿಸಿದ ಮಗುವಿಗೆ ಚಿತ್ರ ಮುಗಿದ ಮೇಲೆ ಏನು ಉಳಿಯುತ್ತದೆ ಎಂಬುದಕ್ಕೆ ಸುಲಭದ ಉತ್ತರವಿಲ್ಲ.

ಕನ್ನಡದಲ್ಲೂ ಇಂಥ ಮೊದಲ ಚಿತ್ರವೊಂದಿದೆ. 2006ರ ‘ಕೇರ್ ಆಫ್ ಫುಟ್‌ಪಾತ್’ ಚಿತ್ರವನ್ನು ನಿರ್ದೇಶಿಸಿದಾಗ ಕಿಶನ್ ಶ್ರೀಕಾಂತ್ ಇನ್ನೂ ಶಾಲಾ ಬಾಲಕ. ಶಾಲೆಯ ಮೆಟ್ಟಿಲು ಹತ್ತಲು ಹಂಬಲಿಸುವ ಕೊಳೆಗೇರಿ ಹುಡುಗನ ಕಥೆಯನ್ನು ಅದೇ ವಯಸ್ಸಿನ ಹುಡುಗ ಹೇಳಿದ್ದು ಆ ಚಿತ್ರದ ವಿಶೇಷ. ಅತ್ಯುತ್ತಮ ಮಕ್ಕಳ ಚಿತ್ರ ರಾಷ್ಟ್ರ ಪ್ರಶಸ್ತಿ ಅದಕ್ಕೆ ಸಂದಿತು.

ಚಿತ್ರಿಸುವುದರ ಅನುಕೂಲ

ಅನಿಮೇಷನ್ ಇಲ್ಲಿ ಬೇರೊಂದು ದಾರಿಯನ್ನು ತೆರೆಯುತ್ತದೆ. ಮೊದಲನೆಯದಾಗಿ, ಅದು ಯಾವ ಮಗುವನ್ನೂ ಬಿಸಿಲಿನಲ್ಲಿ ನಿಲ್ಲಿಸುವುದಿಲ್ಲ. ಹಸಿವನ್ನೋ ಹೊಡೆತವನ್ನೋ ತೋರಿಸಲು ಮಗುವೊಂದು ಅದನ್ನು ಕ್ಷಣಕಾಲವಾದರೂ ಅನುಭವಿಸಬೇಕಾದ ಅಗತ್ಯ ಉಳಿಯುವುದಿಲ್ಲ. ಗೆರೆಯೇ ಆ ನೋವನ್ನು ಹೊರುತ್ತದೆ.

ಎರಡನೆಯದಾಗಿ, ಗುರುತಿನ ರಕ್ಷಣೆ. ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳ, ಸಂತ್ರಸ್ತ ಮಕ್ಕಳ ಹೆಸರು, ವಿಳಾಸ, ಭಾವಚಿತ್ರಗಳನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಸಾಕ್ಷ್ಯಚಿತ್ರಗಳಲ್ಲಿ ಇಂಥ ಮಕ್ಕಳ ಮುಖವನ್ನು ಮಸುಕುಗೊಳಿಸುವುದು ವಾಡಿಕೆ. ಮಸುಕಾದ ಮುಖ ಕಾನೂನನ್ನು ಪಾಲಿಸುತ್ತದೆ, ಆದರೆ ನೋಡುಗನಿಂದ ಮಗುವನ್ನು ದೂರ ಮಾಡುತ್ತದೆ. ಬರೆದ ಮುಖಕ್ಕೆ ಈ ತೊಡಕಿಲ್ಲ. ಅದು ಯಾರ ಗುರುತನ್ನೂ ಬಿಟ್ಟುಕೊಡದೆ ಅಳಬಲ್ಲದು, ನಗಬಲ್ಲದು.

ಮೂರನೆಯದು ಕಲೆಗೆ ಸಂಬಂಧಿಸಿದ್ದು. ಬಡವರ ಬದುಕಿನಲ್ಲಿ ಬಡತನವಷ್ಟೇ ಇರುವುದಿಲ್ಲ. ಕನಸು, ತಮಾಷೆ, ಸಿನಿಮಾ ಹುಚ್ಚು ಎಲ್ಲವೂ ಇರುತ್ತವೆ. ಕ್ಯಾಮೆರಾ ಹೊರಗಿನ ಗೋಡೆಯನ್ನು ದಾಖಲಿಸಿದರೆ ಕುಂಚ ಒಳಗಿನ ಕನಸನ್ನೂ ಅದೇ ಗೋಡೆಯ ಮೇಲೆ ಬರೆಯುತ್ತದೆ. ‘ಬಾಂಬೆ ರೋಸ್’ನಲ್ಲಿ ಪ್ರೇಮಿಗಳ ಕಲ್ಪನೆ ಮೊಘಲ್ ಕಿರುಚಿತ್ರಗಳ ಶೈಲಿಯಲ್ಲಿ ಅರಳುತ್ತದೆ. ಹಿಂದಿ ಸಿನಿಮಾದ ಅಬ್ಬರದ ನಾಯಕ ಲಾರಿಗಳ ಹಿಂಬದಿಯ ಚಿತ್ರಕಲೆಯ ಬಣ್ಣಗಳಲ್ಲಿ ಮೂಡುತ್ತಾನೆ. ವೃದ್ಧೆ ಶರ್ಲಿಯ ನೆನಪು ಹೊರಳಿದಾಗ ಇಂದಿನ ಗಿಜಿಗುಡುವ ಬೀದಿ ಬಣ್ಣ ಕಳಚಿಕೊಂಡು 1950ರ ದಶಕದ ಕಪ್ಪು-ಬಿಳುಪು ಬೊಂಬಾಯಿಯಾಗಿ ಮಾರ್ಪಡುತ್ತದೆ. ಒಂದೇ ಬೀದಿಯಲ್ಲಿ ನಡೆಯುವವರು ಒಬ್ಬೊಬ್ಬರೂ ಬೇರೆ ಬೇರೆ ನಗರದಲ್ಲಿ ಬದುಕುತ್ತಿರುತ್ತಾರೆ ಎಂಬುದನ್ನು ಮಾತಿಲ್ಲದೆ ಹೇಳುವ ಬಗೆ ಇದು.

ಒಬ್ಬರಿಂದ ಅರವತ್ತು ಮಂದಿಗೆ

ಗೀತಾಂಜಲಿ ರಾವ್ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಅನ್ವಯಿಕ ಕಲೆ ಅಭ್ಯಸಿಸಿ 1994ರಲ್ಲಿ ಪದವಿ ಪಡೆದವರು. ರಂಗಭೂಮಿಯಲ್ಲಿ ನಟಿಯಾಗಿ ದುಡಿದವರು. 2018ರ ಹಿಂದಿ ಚಿತ್ರ ‘ಅಕ್ಟೋಬರ್’ನಲ್ಲಿ ತಾಯಿಯ ಪಾತ್ರ ವಹಿಸಿದ್ದನ್ನು ಹಲವು ಪ್ರೇಕ್ಷಕರು ನೆನಪಿಟ್ಟುಕೊಂಡಿರಬಹುದು. ಅನಿಮೇಷನ್ ಕಲೆಯನ್ನು ಅವರು ಶಾಲೆಯಲ್ಲಿ ಕಲಿಯಲಿಲ್ಲ. ಭಾರತೀಯ ಅನಿಮೇಷನ್ ಕ್ಷೇತ್ರದ ಹಿರಿಯರಾದ ರಾಮ್ ಮೋಹನ್ ಅವರ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಲೇ ರೂಢಿಸಿಕೊಂಡರು.

2019ರಲ್ಲಿ ನಿಧನರಾದ ರಾಮ್ ಮೋಹನ್ ಅವರಿಗೂ ಈ ವಿಷಯಕ್ಕೂ ನಂಟಿದೆ. 1990ರ ದಶಕದಲ್ಲಿ ಯುನಿಸೆಫ್‌ಗಾಗಿ ‘ಮೀನಾ’ ಎಂಬ ಹಳ್ಳಿ ಹುಡುಗಿಯ ಪಾತ್ರಕ್ಕೆ ರೂಪ ಕೊಟ್ಟವರಲ್ಲಿ ಅವರೇ ಪ್ರಮುಖರು. ತಮ್ಮ ರಾಜು, ಗಿಳಿ ಮಿಠ್ಠು ಜತೆಗೂಡಿ ಮೀನಾ ಹೆಣ್ಣುಮಕ್ಕಳ ಓದು, ಆಹಾರದಲ್ಲಿನ ತಾರತಮ್ಯ ಮುಂತಾದ ವಿಷಯಗಳನ್ನು ದಕ್ಷಿಣ ಏಷ್ಯಾದ ಹಲವು ಭಾಷೆಗಳಲ್ಲಿ ಮನೆಮನೆಗೆ ತಲುಪಿಸಿದಳು. ಬಡತನದ ಬಾಲ್ಯವನ್ನು ಗೆರೆಗಳಲ್ಲಿ ಹೇಳುವ ಪರಂಪರೆಗೆ ಇಲ್ಲಿ ಅಡಿಪಾಯವಿತ್ತು. ಆದರೆ ಅದು ಸಂದೇಶ ಸಾರುವ ಕಿರುಚಿತ್ರಗಳ ಪರಂಪರೆಯಾಗಿತ್ತು.

ರಾವ್ ಅವರಿಗೆ ಹೆಸರು ತಂದುಕೊಟ್ಟಿದ್ದು ‘ಪ್ರಿಂಟೆಡ್ ರೇನ್‌ಬೋ’ ಎಂಬ 15 ನಿಮಿಷಗಳ ಚಿತ್ರ. ಬೆಂಕಿಪೊಟ್ಟಣಗಳ ಚಿತ್ರಗಳೊಳಗೆ ಪಯಣಿಸುವ ಒಂಟಿ ವೃದ್ಧೆ ಮತ್ತು ಆಕೆಯ ಬೆಕ್ಕಿನ ಕಥೆಯಿದು. 2006ರ ಕಾನ್ ವಿಮರ್ಶಕರ ಸಪ್ತಾಹದಲ್ಲಿ ಮೂರು ಪ್ರಶಸ್ತಿಗಳನ್ನು ಗಳಿಸಿದ ಈ ಚಿತ್ರವನ್ನು ಅವರು ಸುಮಾರು ಮೂರು ವರ್ಷ ಒಬ್ಬರೇ ಕುಳಿತು ಚಿತ್ರಿಸಿದ್ದರು. 15 ನಿಮಿಷವೆಂದರೆ 900 ಸೆಕೆಂಡು, ಮೂರು ವರ್ಷವೆಂದರೆ 1,095 ದಿನ. ಅಂದರೆ ದಿನವೊಂದಕ್ಕೆ ಒಂದು ಸೆಕೆಂಡಿಗೂ ಕಡಿಮೆ ಚಿತ್ರ ಸಿದ್ಧವಾಯಿತು. ಇದೇ ವೇಗದಲ್ಲಿ ಒಬ್ಬರೇ ಒಂದೂವರೆ ಗಂಟೆಯ ಚಿತ್ರ ಮಾಡಹೊರಟರೆ 18 ವರ್ಷ ಬೇಕಾಗುತ್ತದೆ. ಮೊದಲ ದೀರ್ಘಚಿತ್ರಕ್ಕೆ ತಂಡ ಅನಿವಾರ್ಯವಾಗುವುದು ಈ ಕಾರಣದಿಂದ.

ಸೌಮಿತ್ರ ರಾನಡೆ ಅವರ ಪೇಪರ್‌ಬೋಟ್ ಡಿಸೈನ್ ಸ್ಟುಡಿಯೊಸ್ ಈ ತಂಡವನ್ನು ಒದಗಿಸಿತು. ಸುಮಾರು 60 ಕಲಾವಿದರು 18 ತಿಂಗಳು ದುಡಿದರು. ಕಥೆ, ನಿರ್ದೇಶನ, ವಿನ್ಯಾಸ, ಸಂಕಲನದ ಹೊಣೆಯನ್ನು ರಾವ್ ಅವರೇ ಹೊತ್ತರು. ಚಿತ್ರಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಎಲೆಕ್ಟ್ರಾನಿಕ್ ಲೇಖನಿಯಿಂದ ಬರೆಯಲಾಗಿದ್ದರೂ ಪ್ರತಿ ಚೌಕಟ್ಟಿನಲ್ಲೂ ಕೈಕೆಲಸವೇ ಇದೆ.

ಸೆಕೆಂಡಿಗೆ 24ರ ಲೆಕ್ಕ

ಅನಿಮೇಷನ್ ಎಂಬುದು ಕಣ್ಣಿಗೆ ಮಾಡುವ ಮೋಸ. ಒಂದಕ್ಕಿಂತ ಒಂದು ಕೊಂಚವೇ ಭಿನ್ನವಾದ ಚಿತ್ರಗಳು ವೇಗವಾಗಿ ಸರಿದಾಗ ಮಿದುಳು ಅವನ್ನು ಬಿಡಿ ಚಿತ್ರಗಳೆಂದು ಗ್ರಹಿಸದೆ ಚಲನೆಯೆಂದು ಭಾವಿಸುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಸರಿಯುತ್ತವೆ. ಒಂದೂವರೆ ಗಂಟೆಗೆ ಇದು 1,29,600 ಚೌಕಟ್ಟುಗಳಾಗುತ್ತದೆ. ಒಂದು ಚಿತ್ರವನ್ನು ಎರಡು ಚೌಕಟ್ಟುಗಳಷ್ಟು ಕಾಲ ಹಿಡಿದಿಡುವ ರೂಢಿ ಇರುವುದರಿಂದ ಸಾಮಾನ್ಯವಾಗಿ ಸೆಕೆಂಡಿಗೆ 12 ಚಿತ್ರಗಳು ಸಾಕಾಗುತ್ತವೆ. ಹಾಗಿದ್ದರೂ ಒಂದು ಪಾತ್ರವಷ್ಟೇ ಪರದೆಯ ಮೇಲಿದ್ದರೂ 64,800 ಚಿತ್ರಗಳು ಬೇಕು. ಮುಂಬಯಿಯ ಬೀದಿಯಲ್ಲಿ ಒಬ್ಬರೇ ಇರುವುದು ಅಪರೂಪ!

60 ಮಂದಿ, 18 ತಿಂಗಳು, ತಿಂಗಳಿಗೆ 25 ಕೆಲಸದ ದಿನ ಎಂದು ಹಿಡಿದರೆ ಒಟ್ಟು 27,000 ಮಾನವ ದಿನಗಳು. ಒಂದೂವರೆ ಗಂಟೆಯ 5,400 ಸೆಕೆಂಡುಗಳಿಗೆ ಇದನ್ನು ಹಂಚಿದರೆ ಪ್ರತಿ ಸೆಕೆಂಡಿನ ಹಿಂದೆ ಐದು ದಿನಗಳ ದುಡಿಮೆ ಇರುತ್ತದೆ. ಇದು ಅಂದಾಜಿನ ಲೆಕ್ಕವಷ್ಟೇ. ಆದರೂ ಹೂವಿನ ಮಾಲೆಯೊಂದು ಕೈಯಿಂದ ಕೈಗೆ ದಾಟುವ ಎರಡು ಸೆಕೆಂಡಿನ ನೋಟಕ್ಕೆ ಎಷ್ಟು ತಾಳ್ಮೆ ಬೇಕೆಂಬುದು ಇದರಿಂದ ಮನವರಿಕೆಯಾಗುತ್ತದೆ.

ಈ ಕೆಲಸಕ್ಕೆ ಕ್ರಮಬದ್ಧವಾದ ಹಂತಗಳಿವೆ. ಚಿತ್ರಕಥೆ ಸಿದ್ಧವಾದ ಮೇಲೆ ಪ್ರತಿ ದೃಶ್ಯವನ್ನೂ ಕಾಮಿಕ್ ಪುಸ್ತಕದಂತೆ ಸಣ್ಣ ಚೌಕಗಳಲ್ಲಿ ಬರೆಯುವುದು ‘ಸ್ಟೋರಿಬೋರ್ಡ್’. ಆ ಚೌಕಗಳನ್ನು ತಾತ್ಕಾಲಿಕ ಧ್ವನಿಯೊಡನೆ ಸಮಯಕ್ಕೆ ತಕ್ಕಂತೆ ಜೋಡಿಸಿದರೆ ‘ಅನಿಮ್ಯಾಟಿಕ್’ ಎಂಬ ಕಚ್ಚಾ ಚಿತ್ರ ದೊರೆಯುತ್ತದೆ. ಸಂಭಾಷಣೆಯನ್ನು ಸಾಮಾನ್ಯವಾಗಿ ಮೊದಲೇ ಮುದ್ರಿಸಿಕೊಂಡು, ತುಟಿಯ ಚಲನೆಯನ್ನು ಧ್ವನಿಗೆ ಹೊಂದಿಸಲಾಗುತ್ತದೆ. ಬಳಿಕ ಹಿರಿಯ ಕಲಾವಿದರು ಚಲನೆಯ ಮುಖ್ಯ ಭಂಗಿಗಳನ್ನು ಬರೆಯುತ್ತಾರೆ. ಅವುಗಳ ನಡುವಿನ ಚಿತ್ರಗಳನ್ನು ಉಳಿದವರು ತುಂಬುತ್ತಾರೆ. ಹಿನ್ನೆಲೆಯ ಬೀದಿ, ಅಂಗಡಿ, ಆಕಾಶವನ್ನು ಪ್ರತ್ಯೇಕವಾಗಿ ಬಣ್ಣಿಸಿ ಕೊನೆಗೆ ಎಲ್ಲ ಪದರಗಳನ್ನೂ ಒಂದರ ಮೇಲೊಂದು ಇರಿಸಿ ಬೆಳಕು-ನೆರಳು ಹೊಂದಿಸಲಾಗುತ್ತದೆ.

ಸಾಮಾನ್ಯ ಚಿತ್ರಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಚಿತ್ರೀಕರಿಸಿ ಸಂಕಲನದ ಮೇಜಿನ ಮೇಲೆ ಕತ್ತರಿಸುವುದುಂಟು. ಅನಿಮೇಷನ್‌ನಲ್ಲಿ ಆ ಐಷಾರಾಮಕ್ಕೆ ಅವಕಾಶವಿಲ್ಲ. ಕತ್ತರಿಸಿ ಎಸೆಯುವ ಪ್ರತಿ ಸೆಕೆಂಡೂ ಐದು ದಿನದ ಕೂಲಿ. ಆದ್ದರಿಂದ ಇಲ್ಲಿ ಸಂಕಲನ ಮೊದಲು, ಚಿತ್ರಣ ಆಮೇಲೆ. ಮೊದಲ ಸಲ ದೀರ್ಘಚಿತ್ರ ಮಾಡುವವರು ಎಡವುವುದು ಬಹುತೇಕ ಈ ಹಂತದಲ್ಲಿಯೇ. ಅನಿಮ್ಯಾಟಿಕ್ ಹಂತದಲ್ಲಿ ಕಥೆಯ ದೋಷ ಸರಿಪಡಿಸದಿದ್ದರೆ ಅದು ಮುಂದೆ ತಿಂಗಳುಗಳ ನಷ್ಟವಾಗಿ ಪರಿಣಮಿಸುತ್ತದೆ.

ಹಣವೆಂಬ ದೊಡ್ಡ ತೊಡಕು

ಕಾನ್‌ನಲ್ಲಿ ಮೂರು ಪ್ರಶಸ್ತಿ ಪಡೆದ ನಿರ್ದೇಶಕಿಯ ಮೊದಲ ದೀರ್ಘಚಿತ್ರ ತೆರೆ ಕಾಣಲು 13 ವರ್ಷ ಹಿಡಿಯಿತು ಎಂಬುದೇ ಈ ಕ್ಷೇತ್ರದ ಸ್ಥಿತಿಯನ್ನು ಹೇಳುತ್ತದೆ. ‘ಬಾಂಬೆ ರೋಸ್’ಗೆ ಕೊನೆಗೆ ನೆರವಾದದ್ದು ಆನಂದ್ ಮಹೀಂದ್ರಾ ಹಾಗೂ ರೋಹಿತ್ ಖಟ್ಟರ್ ಅವರ ಸಿನೆಸ್ತಾನ್ ಫಿಲ್ಮ್ ಕಂಪನಿ ಮತ್ತು ಫ್ರಾನ್ಸ್‌ನ ಲೇ ಫಿಲ್ಮ್ ದಿಸಿ ಸಂಸ್ಥೆ.

ಇಂಥ ಜಂಟಿ ನಿರ್ಮಾಣಕ್ಕೆ ಕಾರಣವಿದೆ. ಫ್ರಾನ್ಸ್‌ನಲ್ಲಿ ವಯಸ್ಕರಿಗಾಗಿ ಅನಿಮೇಷನ್ ಚಿತ್ರ ತೆಗೆಯುವ ಸಂಪ್ರದಾಯವಿದೆ, ವಿದೇಶಿ ಚಿತ್ರಗಳಿಗೂ ಸ್ಥಳೀಯ ಪಾಲುದಾರರ ಮೂಲಕ ಸರ್ಕಾರಿ ನೆರವು ದೊರಕಿಸುವ ವ್ಯವಸ್ಥೆಯಿದೆ. ಭಾರತದಲ್ಲಿ ಇಂಥ ಚಿತ್ರಗಳಿಗೆ ಆಸರೆಯಾಗಬಹುದಾಗಿದ್ದ ಸಂಸ್ಥೆಗಳ ಸ್ವರೂಪವೇ ಬದಲಾಗಿದೆ. 1956ರಲ್ಲಿ ಕಾರ್ಟೂನ್ ಘಟಕ ಆರಂಭಿಸಿ ದೇಶದ ಅನಿಮೇಷನ್‌ಗೆ ನಾಂದಿ ಹಾಡಿದ್ದ ಫಿಲ್ಮ್ಸ್ ಡಿವಿಷನ್ ಹಾಗೂ 1955ರಲ್ಲಿ ಸ್ಥಾಪನೆಯಾಗಿದ್ದ ಮಕ್ಕಳ ಚಲನಚಿತ್ರ ಸೊಸೈಟಿ, ಎರಡನ್ನೂ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಳಿಸಲಾಯಿತು.

ಖಾಸಗಿ ಬಂಡವಾಳಕ್ಕೆ ಪುರಾಣವೇ ಪ್ರಿಯ. 2005ರ ‘ಹನುಮಾನ್’ನಿಂದ ಆರಂಭವಾದ ಈ ಒಲವು ಇಂದಿಗೂ ಕುಂದಿಲ್ಲ. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ಮೊದಲ ಚಿತ್ರ ‘ಮಹಾವತಾರ ನರಸಿಂಹ’ 2025ರ ಜುಲೈ 25ರಂದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಕಂಡು 300 ಕೋಟಿ ರೂಪಾಯಿಗೂ ಹೆಚ್ಚು ಗಳಿಸಿದ್ದಾಗಿ ವ್ಯಾಪಾರ ವಲಯದ ವರದಿಗಳು ತಿಳಿಸಿವೆ. ಭಾರತೀಯ ಪ್ರೇಕ್ಷಕ ಅನಿಮೇಷನ್ ನೋಡುವುದಿಲ್ಲ ಎಂಬ ಹಳೆಯ ನೆಪ ಇದರಿಂದ ಸುಳ್ಳಾಗಿದೆ. ಆದರೆ ಪ್ರಹ್ಲಾದನೆಂಬ ಬಾಲಕನಿಗೆ ದೊರೆತ ತೆರೆಯ ವಿಸ್ತಾರ ಟಿಪ್ಪುವಿನಂಥ ಬಾಲಕನಿಗೂ ದೊರೆತೀತೇ ಎಂಬುದು ಬೇರೆಯೇ ಪ್ರಶ್ನೆ. ‘ಬಾಂಬೆ ರೋಸ್’ ಬಹುತೇಕ ಪ್ರೇಕ್ಷಕರನ್ನು ತಲುಪಿದ್ದು ಚಿತ್ರಮಂದಿರದ ಮೂಲಕವಲ್ಲ, ಮನೆಯ ಪರದೆಯ ಮೂಲಕ.

ಜಗತ್ತಿನ ಇತರೆಡೆ

ಬಡತನದ ಬಾಲ್ಯವನ್ನು ಗೆರೆಗಳಲ್ಲಿ ಹಿಡಿದ ಚಿತ್ರಗಳಿಗೆ ಮಾದರಿಯಾಗಿ ನಿಲ್ಲುವುದು ಜಪಾನಿನ ಇಸಾವೊ ತಕಹಾತ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’. ಯುದ್ಧದ ಕೊನೆಯ ದಿನಗಳಲ್ಲಿ ಅನಾಥರಾದ ಅಣ್ಣ-ತಂಗಿ ಹಸಿವಿನಿಂದ ನರಳುವ ಈ ಕಥೆಯನ್ನು ಅಕಿಯುಕಿ ನೊಸಾಕ ತಮ್ಮದೇ ಬಾಲ್ಯದ ಅನುಭವವನ್ನು ಆಧರಿಸಿ 1967ರಲ್ಲಿ ಬರೆದಿದ್ದರು. ಚಿತ್ರ ಬಂದದ್ದು 1988ರಲ್ಲಿ, ‘ಸಲಾಂ ಬಾಂಬೆ’ ಬಂದ ವರ್ಷವೇ.

ಬ್ರೆಜಿಲ್‌ನ ಅಲೆ ಅಬ್ರೆವು 2013ರಲ್ಲಿ ತೆಗೆದ ‘ದಿ ಬಾಯ್ ಅಂಡ್ ದಿ ವರ್ಲ್ಡ್’ ಇನ್ನೊಂದು ದಾರಿ ಹಿಡಿಯಿತು. ಕೆಲಸ ಅರಸಿ ಊರು ಬಿಟ್ಟ ತಂದೆಯನ್ನು ಹುಡುಕಿ ಹೊರಡುವ ಬಾಲಕನನ್ನು ಅವರು ಮಗುವೇ ಬರೆದಂತೆ ಕೆಲವೇ ಗೆರೆಗಳಲ್ಲಿ ಚಿತ್ರಿಸಿದರು. ಹತ್ತಿ ಹೊಲ, ಬಟ್ಟೆ ಗಿರಣಿ, ಮಹಾನಗರದ ಮೂಲಕ ಸಾಗುವ ಆ ಚಿತ್ರದಲ್ಲಿ ಅರ್ಥವಾಗುವ ಮಾತೇ ಇಲ್ಲ. ಐರ್ಲೆಂಡ್‌ನ ನೋರಾ ಟೂಮಿ ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ದೀರ್ಘಚಿತ್ರ ‘ದಿ ಬ್ರೆಡ್‌ವಿನ್ನರ್’ 2017ರಲ್ಲಿ ಬಂತು. ತಾಲಿಬಾನ್ ಆಳ್ವಿಕೆಯ ಕಾಬೂಲ್‌ನಲ್ಲಿ ಹುಡುಗನ ವೇಷ ತೊಟ್ಟು ದುಡಿದು ಮನೆಯವರ ಹೊಟ್ಟೆ ತುಂಬಿಸುವ ಪರ್ವಾನಾಳ ಕಥೆ ಅದು. ಎರಡೂ ಚಿತ್ರಗಳು ಆಸ್ಕರ್‌ಗೆ ನಾಮಕರಣಗೊಂಡವು.

ಭಾರತದಲ್ಲಿ ಸುರೇಶ್ ಎರಿಯಾಟ್ ಅವರ ‘ಟೋಕ್ರಿ’ ಗಮನಾರ್ಹ. ತಂದೆಗೆ ಪ್ರಿಯವಾದ ಗಡಿಯಾರವನ್ನು ಅಕಸ್ಮಾತ್ತಾಗಿ ಒಡೆದ ಹುಡುಗಿ, ಅದನ್ನು ಸರಿಪಡಿಸಲು ಮುಂಬಯಿಯ ರಸ್ತೆಯಲ್ಲಿ ಬುಟ್ಟಿ ಮಾರಲು ಹೊರಡುತ್ತಾಳೆ. ಜೇಡಿಮಣ್ಣಿನಂಥ ವಸ್ತುವಿನಿಂದ ಮಾಡಿದ ಗೊಂಬೆಗಳನ್ನು ಕೂದಲೆಳೆಯಷ್ಟು ಕದಲಿಸಿ, ಒಂದೊಂದೇ ಚೌಕಟ್ಟು ಸೆರೆಹಿಡಿದ ಸುಮಾರು 15 ನಿಮಿಷಗಳ ಈ ಚಿತ್ರ ಸಿದ್ಧವಾಗಲು ಎಂಟು ವರ್ಷ ಹಿಡಿಯಿತು. 2017ನೇ ಸಾಲಿನ ಅತ್ಯುತ್ತಮ ಅನಿಮೇಷನ್ ಚಿತ್ರ ರಾಷ್ಟ್ರ ಪ್ರಶಸ್ತಿಯನ್ನು ಅದು ಹಂಚಿಕೊಂಡಿತು. ಕಾರಿನ ಗಾಜನ್ನು ತಟ್ಟುವ ಕೈ ಯಾವ ಮನೆಯಿಂದ ಬಂದಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ.

ಕರುಣೆಗಿಂತ ಮುಂದೆ

ಇಂಥ ಚಿತ್ರಗಳಿಗೆ ಅಪಾಯವೂ ಇಲ್ಲದಿಲ್ಲ. ಕುಂಚ ಎಲ್ಲವನ್ನೂ ಚೆಲುವಾಗಿಸಬಲ್ಲದು. ಕೊಳೆಗೇರಿಯ ತಗಡಿನ ಮಾಡು ಬಣ್ಣದಲ್ಲಿ ಮುದ್ದಾಗಿ ಕಂಡೀತು. ಬಡತನ ಗೋಡೆಗೆ ತೂಗುಹಾಕುವ ಚಿತ್ರವಾದೀತು. ‘ಬಾಂಬೆ ರೋಸ್’ನ ದೃಶ್ಯವೈಭವವನ್ನು ಮೆಚ್ಚಿದ ವಿಮರ್ಶಕರಲ್ಲೂ ಕೆಲವರು ಹಲವು ಎಳೆಗಳು ಹೆಣೆದುಕೊಂಡ ಕಥೆ ಸಡಿಲವಾಗಿದೆ ಎಂದು ಆಕ್ಷೇಪಿಸಿದ್ದುಂಟು. ಇನ್ನೊಂದು ಕಡೆ ಕಣ್ಣೀರು ತರಿಸುವುದನ್ನೇ ಗುರಿಯಾಗಿಸಿಕೊಂಡರೆ ಮಗು ಮರುಕದ ವಸ್ತುವಾಗಿ ಉಳಿದುಬಿಡುತ್ತದೆ. ಈ ಎರಡರ ನಡುವಿನ ದಾರಿ ಕಿರಿದು.

ಉತ್ತಮ ಚಿತ್ರಗಳು ಆ ದಾರಿಯನ್ನು ಹುಡುಕಿಕೊಂಡದ್ದು ಮಗುವಿಗೆ ಕೆಲಸ ಕೊಡುವ ಮೂಲಕ. ತಾರಾ ಸ್ನೇಹಿತನನ್ನು ಬಚ್ಚಿಡುತ್ತಾಳೆ, ಪರ್ವಾನಾ ರೊಟ್ಟಿ ಸಂಪಾದಿಸುತ್ತಾಳೆ, ಬುಟ್ಟಿ ಮಾರುವ ಹುಡುಗಿ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಲು ಹೊರಡುತ್ತಾಳೆ. ಇವರಾರೂ ಸುಮ್ಮನೆ ನಿಂತು ಅಳುವ ಮಕ್ಕಳಲ್ಲ. ನಿರ್ಧಾರ ಕೈಗೊಳ್ಳುವ ಮಕ್ಕಳು. ಆ ನಿರ್ಧಾರ ತಪ್ಪಾಗಿರಬಹುದು, ಸೋಲಬಹುದು. ಆದರೆ ನೋಡುಗ ಅವರನ್ನು ಕನಿಕರದಿಂದಲ್ಲ, ಕುತೂಹಲದಿಂದ ಹಿಂಬಾಲಿಸುತ್ತಾನೆ.

ಕರ್ನಾಟಕದಲ್ಲಿ ಇಂಥ ಚಿತ್ರಕ್ಕೆ ಬೇಕಾದ ಕೈಗಳಿಗೆ ಕೊರತೆಯಿಲ್ಲ. ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಕ್ಷೇತ್ರಕ್ಕೆಂದೇ ಪ್ರತ್ಯೇಕ ನೀತಿಯನ್ನು 2012ರಲ್ಲಿ ದೇಶದಲ್ಲೇ ಮೊದಲು ಪ್ರಕಟಿಸಿದ್ದು ಈ ರಾಜ್ಯ. 2024-29ರ ಅವಧಿಗೆ ಹೊಸ ನೀತಿಯೂ ಬಂದಿದೆ. ಬೆಂಗಳೂರಿನ ಸ್ಟುಡಿಯೊಗಳಲ್ಲಿ ವಿದೇಶಿ ಚಿತ್ರಗಳ ಗುತ್ತಿಗೆ ಕೆಲಸ ಮಾಡುವ ನುರಿತ ಯುವ ಕಲಾವಿದರಿದ್ದಾರೆ. ಹೊರಗಿನವರ ಕಥೆಗೆ ಬಣ್ಣ ತುಂಬುವ ಈ ಕೈಗಳಿಗೆ ತಮ್ಮದೇ ಸಿಗ್ನಲ್‌ನ ಕಥೆ ಬರೆಯುವ ಅವಕಾಶ ದೊರೆಯಬೇಕಿದೆಯಷ್ಟೆ.

ಅದಕ್ಕೆ ಬೇಕಾದುದು ಕೌಶಲಕ್ಕಿಂತ ಮಿಗಿಲಾಗಿ ಕಾಯುವ ಬಂಡವಾಳ, ಕಾಯುವ ಮನಸ್ಸು. ಪ್ರತಿ ಸೆಕೆಂಡಿಗೆ ಐದು ದಿನ ಕೊಡಲು ಸಿದ್ಧರಾದವರು ಮಾತ್ರ ಇಂಥ ಚಿತ್ರ ಮಾಡಬಲ್ಲರು. ಸಿಗ್ನಲ್‌ನ ಆಚೆ ನಿಂತ ಮಗುವಿಗೆ ನಗರ ಕೊಡುವುದು ಹೆಚ್ಚೆಂದರೆ ಅರ್ಧ ನಿಮಿಷ. ಕಲಾವಿದ ಆ ಅರ್ಧ ನಿಮಿಷಕ್ಕೆ 150 ದಿನ ಕೊಡುತ್ತಾನೆ. ನೋಡುವುದೆಂದರೇನು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.